ಹಣ್ಣಿನ ಚಿತ್ರ ಓದುವುದು ಹೇಗೆ? ನೆರಳಿನಿಂದ ಶುರು ಮಾಡಿ

ಮ್ಯೂಸಿಯಂನಲ್ಲಿ ಹಣ್ಣಿನ ಚಿತ್ರದ ಮುಂದೆ ಹೆಚ್ಚಿನವರು ಐದು ಸೆಕೆಂಡ್ ಕೂಡ ನಿಲ್ಲುವುದಿಲ್ಲ. "ಚೆನ್ನಾಗಿದೆ, ಸೇಬು ಸೇಬಿನ ಹಾಗೇ ಇದೆ" ಅಂದು ಮುಂದೆ ಹೋಗುತ್ತಾರೆ. ಸ್ವಲ್ಪ ಓದಿಕೊಂಡವರ ಕಥೆ ಬೇರೆ. ಸೇಬು ಕಂಡರೆ ಪಾಪ, ದ್ರಾಕ್ಷಿ ಕಂಡರೆ ಏಸುವಿನ ರಕ್ತ, ದಾಳಿಂಬೆ ಕಂಡರೆ ಪುನರುತ್ಥಾನ ಅಂತ ಒಂದು ಪಟ್ಟಿ ಹಿಡಿದುಕೊಂಡು ಟಿಕ್ ಹಾಕುತ್ತಾ ಹೋಗುತ್ತಾರೆ. ಕನಸಿನಲ್ಲಿ ಹಾವು ಬಂದರೆ ಏನು ಫಲ ಅಂತ ಪಂಚಾಂಗ ತೆರೆದ ಹಾಗೆ.

ಇಂಪ್ರೆಷನಿಸ್ಟರು ಅಂದರೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಬೆಳಕನ್ನೇ ಹಿಡಿಯಲು ಹೊರಟ ಫ್ರಾನ್ಸಿನ ಚಿತ್ರಕಾರರ ಗುಂಪು. ಅವರ ಹಣ್ಣಿಗೆ ಈ ಎರಡು ದಾರಿಯೂ ಸಾಲುವುದಿಲ್ಲ. ಆ ಹಳೆಯ ಪಟ್ಟಿ ಅವರಿಗೂ ಗೊತ್ತಿತ್ತು, ಬೇಕಂತಲೇ ಪಕ್ಕಕ್ಕೆ ಇಟ್ಟಿದ್ದರು. ಹಾಗಾದರೆ ಅವರ ಚಿತ್ರದಲ್ಲಿ ಅರ್ಥ ಎಲ್ಲಿದೆ? ಅದನ್ನು ಹುಡುಕಲು ನಾನು ಬಳಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಇಡೀ ಲೇಖನಕ್ಕೆ ಒಂದೇ ಮುಖ್ಯ ಚಿತ್ರ ಇಟ್ಟುಕೊಳ್ಳೋಣ. ಬೇಕಾದಾಗ ಅಕ್ಕಪಕ್ಕದ ಚಿತ್ರಗಳನ್ನೂ ಕರೆಯೋಣ.

ಮುಖ್ಯ ಚಿತ್ರ ಈ ಗುಂಪಿನ ಗುಸ್ತಾವ್ ಕಾಯ್ಬೊಟ್ 1881–82ರ ಸುಮಾರಿಗೆ ಬಿಡಿಸಿದ್ದು. ಫ್ರೆಂಚ್ ಹೆಸರಿನ ಅರ್ಥ ಅಂಗಡಿ ಮುಂದೆ ಜೋಡಿಸಿಟ್ಟ ಹಣ್ಣುಗಳು. ಈಗ ಅದು ಅಮೆರಿಕದ ಬಾಸ್ಟನ್‌ನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದೆ. ಎತ್ತರ ಸುಮಾರು 76 ಸೆಂ.ಮೀ., ಅಗಲ ಸುಮಾರು 100 ಸೆಂ.ಮೀ. ಅಂದರೆ ಎರಡೂವರೆ ಅಡಿಗೆ ಮೂರೂಕಾಲು ಅಡಿ. ಹಣ್ಣಿನ ಚಿತ್ರಕ್ಕೆ ದೊಡ್ಡದೇ. ಸುಕ್ಕುಗಟ್ಟಿದ ಬಿಳಿ ಕಾಗದದ ಮೇಲೆ ಕಿತ್ತಳೆ, ಅಂಜೂರ, ಪೇರ್, ಸೇಬು, ನಡುನಡುವೆ ಹಸಿರು ಎಲೆ. ಇಷ್ಟೇ.

ಮೊದಲು ಸರಿಯಾದ ಚಿತ್ರ ಹುಡುಕಿ

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಹಿಂದೆ ಒಂದು ಅಂಗಡಿಯಲ್ಲಿ ಇದೇ ಚಿತ್ರದ ಪೋಸ್ಟರ್ ಕೊಂಡಿದ್ದೆ. ಅದರಲ್ಲಿ ಕಾಗದವೆಲ್ಲ ಬೆಣ್ಣೆಯ ಹಾಗೆ ಹಳದಿಯಾಗಿತ್ತು. ನಾನು ಅದನ್ನೇ ನಂಬಿಕೊಂಡು "ಸಂಜೆಯ ಇಳಿಬೆಳಕು, ಮುಗಿಯುತ್ತಿರುವ ದಿನ" ಅಂತ ಒಂದು ಪುಟ ಬರೆದೆ. ಆಮೇಲೆ ಒಳ್ಳೆಯ ಫೋಟೊ ನೋಡಿದರೆ ಕಾಗದ ತಣ್ಣಗಿನ ಬಿಳಿ. ಮಡಿಕೆಗಳಲ್ಲೆಲ್ಲ ನೀಲಿ. ಸಂಜೆಯೂ ಇಲ್ಲ, ಮುಗಿಯುವ ದಿನವೂ ಇಲ್ಲ, ಮುದ್ರಣದ ಇಂಕ್ ಸರಿ ಇರಲಿಲ್ಲ ಅಷ್ಟೇ. ಆ ಪುಟ ಹರಿದು ಹಾಕಿದೆ.

ಹಾಗಾಗಿ ಚಿತ್ರ ಇಟ್ಟುಕೊಂಡಿರುವ ಮ್ಯೂಸಿಯಂನ ಸ್ವಂತ ವೆಬ್‌ಸೈಟ್‌ನಿಂದಲೇ ನೋಡಿ. ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಮತ್ತು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮಲ್ಲಿರುವ ಹಳೆಯ ಚಿತ್ರಗಳ ದೊಡ್ಡ ಫೋಟೊಗಳನ್ನು ಉಚಿತವಾಗಿಯೇ ಕೊಡುತ್ತವೆ. ಜೂಮ್ ಮಾಡಿದರೆ ಬ್ರಶ್ಶಿನ ಗುರುತು ಕಾಣುತ್ತದೆ. ಮೊಬೈಲ್‌ನಲ್ಲಿ ನೋಡುವುದಾದರೆ ಕಣ್ಣಿಗೆ ಹಿತ ಅಂತ ಹಾಕಿಕೊಂಡಿರುವ ನೈಟ್ ಮೋಡ್ ತೆಗೆಯಿರಿ. ಅದು ಎಲ್ಲ ನೀಲಿಯನ್ನೂ ನುಂಗಿಬಿಡುತ್ತದೆ.

ಹೆಜ್ಜೆ 1: ನೀವು ಎಲ್ಲಿ ನಿಂತಿದ್ದೀರಿ?

ಹಣ್ಣಿನ ಹೆಸರು ಎಣಿಸಬೇಡಿ. ಎರಡು ನಿಮಿಷ ಸುಮ್ನೆ ನೋಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಚಿತ್ರಕಾರ ನನ್ನನ್ನು ಎಲ್ಲಿ ನಿಲ್ಲಿಸಿದ್ದಾನೆ?

ಸಾಮಾನ್ಯವಾಗಿ ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಅಂದರೆ ಒಂದು ಮೇಜು, ಮೇಜಿನ ಅಂಚು, ಹಿಂದೆ ಒಂದು ಗೋಡೆ. ನೀವು ಮನೆಯೊಳಗೆ ಇದ್ದೀರಿ, ಊಟಕ್ಕೆ ಕೂರುವವರು. ಕಾಯ್ಬೊಟ್‌ನ ಚಿತ್ರದಲ್ಲಿ ಮೇಜೂ ಇಲ್ಲ, ಗೋಡೆಯೂ ಇಲ್ಲ. ಹಣ್ಣಿನ ಸಾಲುಗಳು ನಿಮ್ಮ ಕಡೆಗೆ ವಾಲಿಕೊಂಡಿವೆ. ಕ್ಯಾನ್ವಾಸಿನ ಈ ಅಂಚಿನಿಂದ ಆ ಅಂಚಿನವರೆಗೆ ಬರೀ ಹಣ್ಣು ಮತ್ತು ಕಾಗದ. ನೀವು ಬೀದಿಯಲ್ಲಿದ್ದೀರಿ, ಅಂಗಡಿಯ ಮುಂದೆ. ಇನ್ನೂ ಕೊಂಡಿಲ್ಲ. ಬಹುಶಃ ಬೆಲೆಯನ್ನೂ ಕೇಳಿಲ್ಲ.

ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೊನೆಗೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ನೆರಳು ನೋಡಿ

ಇಲ್ಲಿ ಜಾಸ್ತಿ ಹೊತ್ತು ಕೂರಬೇಕು. ಇಂಪ್ರೆಷನಿಸ್ಟ್ ಚಿತ್ರದಲ್ಲಿ ಹಣ್ಣಿಗಿಂತ ಮೊದಲು ನೋಡಬೇಕಾದದ್ದು ಹಣ್ಣಿನ ಕೆಳಗೆ ಬಿದ್ದ ನೆರಳು.

ಸ್ಟುಡಿಯೊದಲ್ಲಿ ಹಳೆಯ ಪದ್ಧತಿಯಲ್ಲಿ ಕಲಿತವರು ನೆರಳಿಗೆ ಕಂದು ಅಥವಾ ಕಪ್ಪು ಬೆರೆಸುತ್ತಿದ್ದರು. ಇಂಪ್ರೆಷನಿಸ್ಟರು ಅದನ್ನು ಆದಷ್ಟು ಬಿಟ್ಟರು. ಅವರ ನೆರಳಿನಲ್ಲಿ ನೀಲಿ ಇದೆ, ನೇರಳೆ ಇದೆ, ಪಕ್ಕದ ವಸ್ತುವಿನ ಬಣ್ಣವೂ ಇದೆ. ಕಾಯ್ಬೊಟ್‌ನ ಕಾಗದದ ಮಡಿಕೆಗಳನ್ನೇ ಜೂಮ್ ಮಾಡಿ. "ಬಿಳಿ ಕಾಗದ" ಅಂತ ನಾವು ಅಂದುಕೊಂಡದ್ದರಲ್ಲಿ ನಿಜವಾದ ಬಿಳಿ ಎಷ್ಟು ಕಡಿಮೆ ಇದೆ ನೋಡಿ. ಉಳಿದದ್ದೆಲ್ಲ ನೀಲಿ, ಬೂದು, ತಿಳಿ ನೇರಳೆ. ಆದರೂ ಎರಡು ಹೆಜ್ಜೆ ಹಿಂದೆ ಸರಿದರೆ ಅದು ಬಿಳಿ ಕಾಗದವೇ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಗೆದು ಒಣಗಿಸಿದ ಬಿಳಿ ಪಂಚೆಯನ್ನು ಕಿಟಕಿ ಪಕ್ಕ ಹರಡಿ. ಮೇಲೆ ಒಂದು ಮೋಸಂಬಿ ಇಡಿ. ಸಂಜೆ ಹೊರಗೆ ಇನ್ನೂ ಬೆಳಕಿರುವಾಗ ಕೋಣೆಯ ಹಳದಿ ಬಲ್ಬ್ ಕೂಡ ಹಾಕಿ. ಈಗ ಒಂದೇ ಹಣ್ಣಿಗೆ ಎರಡು ನೆರಳು ಬೀಳುತ್ತದೆ. ಕಿಟಕಿ ಬೆಳಕಿನಿಂದ ಆದ ನೆರಳು ಕಿತ್ತಳೆ ಛಾಯೆಯಲ್ಲಿರುತ್ತದೆ, ಯಾಕೆಂದರೆ ಆ ಜಾಗಕ್ಕೆ ಬಲ್ಬಿನ ಬೆಳಕು ಮಾತ್ರ ತಲುಪುತ್ತಿದೆ. ಬಲ್ಬಿನಿಂದ ಆದ ನೆರಳು ನೀಲಿ. ಅಲ್ಲಿಗೆ ಬರುತ್ತಿರುವುದು ಆಕಾಶದ ಬೆಳಕು ಮಾತ್ರ. ನಮ್ಮ ಮನೆಯಲ್ಲಿ ಇದನ್ನು ತೋರಿಸಿದಾಗ ಮೊದಲು ಯಾರಿಗೂ ಕಾಣಲಿಲ್ಲ. ಆಮೇಲೆ ಒಮ್ಮೆ ಕಂಡ ಮೇಲೆ ಅದನ್ನು ಕಾಣದ ಹಾಗೆ ಮಾಡಿಕೊಳ್ಳಲು ಯಾರಿಗೂ ಆಗಲಿಲ್ಲ.

ಇದರ ಹಿಂದೆ ಕಣ್ಣಿನ ಆಟವೂ ಇದೆ. ಪ್ಯಾರಿಸ್‌ನ ಗೊಬೆಲಾಂ ಕಾರ್ಖಾನೆಯಲ್ಲಿ ಬಟ್ಟೆ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲೇ ಇದನ್ನು ವಿವರಿಸಿದ್ದ. ಒಂದು ಬಣ್ಣದ ಪಕ್ಕ ಇನ್ನೊಂದನ್ನು ಇಟ್ಟರೆ ಎರಡೂ ಬದಲಾದ ಹಾಗೆ ಕಾಣುತ್ತವೆ. ಎದುರು ಬಣ್ಣಗಳು ಅಕ್ಕಪಕ್ಕ ಕೂತರೆ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಕಿತ್ತಳೆಗೆ ನೀಲಿ ಎದುರು, ಕೆಂಪಿಗೆ ಹಸಿರು, ಹಳದಿಗೆ ನೇರಳೆ. ಕಾಯ್ಬೊಟ್‌ನ ಕಿತ್ತಳೆ ಹಣ್ಣು ಅಷ್ಟು ಉರಿಯುವುದು ಅದರಲ್ಲಿ ಹಾಕಿದ ಬಣ್ಣದಿಂದಷ್ಟೇ ಅಲ್ಲ. ಪಕ್ಕದ ಕಾಗದದ ನೀಲಿಯೂ ಅದನ್ನು ಉರಿಸುತ್ತಿದೆ. ನಿಮ್ಮ ಕೈಯಿಂದ ಪರದೆಯ ಮೇಲೆ ಕಾಗದವನ್ನು ಮುಚ್ಚಿ, ಹಣ್ಣು ಮಾತ್ರ ಬಿಡಿ. ಅರ್ಧ ಬೆಂಕಿ ಆರಿಹೋಗುತ್ತದೆ.

ನಮ್ಮ ಮಾರ್ಕೆಟ್‌ನಲ್ಲಿ ಹಣ್ಣು ಜೋಡಿಸುವವರಿಗೂ ಇದು ಚೆನ್ನಾಗಿ ಗೊತ್ತು. ಯಾವ ಹಣ್ಣಿನ ಕೆಳಗೆ ಯಾವ ಬಣ್ಣದ ಕಾಗದ ಹಾಕಬೇಕು ಅಂತ ಅವರು ಶೆವ್ರೂಲ್‌ನನ್ನು ಓದಿ ಕಲಿತಿಲ್ಲ.

ಹೆಜ್ಜೆ 3: ಬ್ರಶ್ ಹೇಗೆ ಓಡಿದೆ?

ಈಗ ಪೂರ್ತಿ ಜೂಮ್ ಮಾಡಿ. ಒಂದೇ ಹಣ್ಣು ತೆಗೆದುಕೊಳ್ಳಿ. ಗೆರೆ ಯಾವ ದಿಕ್ಕಿಗೆ ಹೋಗಿದೆ? ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು? ಕೆಳಗಿನ ಬಣ್ಣ ಹಸಿಯಾಗಿದ್ದಾಗಲೇ ಮೇಲಿನದು ಬಿದ್ದಿದೆಯಾ, ಒಣಗಿದ ಮೇಲಾ?

ಕೊನೆಯದನ್ನು ಗುರುತಿಸುವುದು ಸುಲಭ. ಹಸಿ ಬಣ್ಣದ ಮೇಲೆ ಎಳೆದರೆ ಗೆರೆಯ ಅಂಚಿನಲ್ಲಿ ಎರಡು ಬಣ್ಣ ಕಲಸಿಕೊಂಡಿರುತ್ತವೆ, ದೋಸೆ ಹಿಟ್ಟಿನಲ್ಲಿ ಬೆರಳಾಡಿಸಿದ ಹಾಗೆ. ಒಣಗಿದ ಮೇಲೆ ಎಳೆದರೆ ಹೊಸ ಬಣ್ಣ ಕೆಳಗಿನ ಉಬ್ಬುಗಳಿಗೆ ಮಾತ್ರ ತಾಗಿ, ತಗ್ಗಿನಲ್ಲಿ ಹಳೆಯ ಬಣ್ಣ ಇಣುಕುತ್ತದೆ. ಮೊದಲನೆಯದು ಒಂದೇ ಪಟ್ಟಿಗೆ ಮಾಡಿದ ಕೆಲಸ. ಎರಡನೆಯದಕ್ಕೆ ಚಿತ್ರಕಾರ ದಿನಗಟ್ಟಲೆ ಕಾದು ಮತ್ತೆ ಬಂದಿದ್ದಾನೆ. ಇಂಪ್ರೆಷನಿಸ್ಟರು ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು ಅನ್ನುವುದು ಬರೀ ಕಥೆ. ಅವರ ಎಷ್ಟೋ ಚಿತ್ರಗಳಲ್ಲಿ ಎರಡೂ ಬಗೆಯ ಗೆರೆ ಸಿಗುತ್ತದೆ.

ದಿಕ್ಕಿಗೆ ಒಳ್ಳೆಯ ಉದಾಹರಣೆ ಇದೇ ಗುಂಪಿನ ರೆನ್ವಾರ್ 1881ರಲ್ಲಿ ಬಿಡಿಸಿದ, ಷಿಕಾಗೊದಲ್ಲಿರುವ "ದಕ್ಷಿಣದ ಹಣ್ಣುಗಳು". ಹೆಸರು ಹಣ್ಣು ಅಂತ, ಒಳಗೆ ನೋಡಿದರೆ ಬದನೆಕಾಯಿ, ದೊಣ್ಣೆ ಮೆಣಸಿನಕಾಯಿ, ಟೊಮೆಟೊ! ದಾಳಿಂಬೆಯೂ ಇದೆ ಅನ್ನಿ. ಅಲ್ಲಿ ಹಿನ್ನೆಲೆಯಲ್ಲಿ ಓರೆಯಾಗಿ, ಒಂದರ ಪಕ್ಕ ಒಂದು ಬಿದ್ದ ಗೆರೆಗಳನ್ನು ನೋಡಿ. ಈ ಓರೆ ಗೆರೆಯ ಚಾಳಿಯಲ್ಲಿ ಅವನ ಚಿತ್ರಕಾರ ಗೆಳೆಯ ಸೆಜಾನ್‌ನ ಪ್ರಭಾವ ಕಾಣುತ್ತದೆ. ಆದರೆ ಬದನೆಕಾಯಿಗೆ ಬಂದಾಗ ರೆನ್ವಾರ್‌ನ ಬ್ರಶ್ ಕಾಯಿಯ ಮೈಯನ್ನೇ ಸವರಿಕೊಂಡು ಉದ್ದಕ್ಕೆ ಜಾರುತ್ತದೆ. ಅವನು ಚಿಕ್ಕಂದಿನಲ್ಲಿ ಪಿಂಗಾಣಿಯ ಮೇಲೆ ಚಿತ್ರ ಬಿಡಿಸಿ ದುಡಿದವನು. ಆ ನುಣುಪು ಕೈಯಲ್ಲಿ ಉಳಿದುಕೊಂಡಿತ್ತು ಅಂತ ನನಗೆ ಅನ್ನಿಸುತ್ತದೆ.

ಕಾಯ್ಬೊಟ್ ಬೇರೆ ಥರ. ಹಣ್ಣಿನ ಮೈಯನ್ನು ಅಚ್ಚುಕಟ್ಟಾಗಿ, ದುಂಡಗೆ ಕಟ್ಟುತ್ತಾನೆ. ಕಾಗದಕ್ಕೆ ಬಂದಾಗ ಕೈ ಬಿಚ್ಚುತ್ತದೆ, ಗೆರೆಗಳು ಚುರುಕಾಗಿ ಅತ್ತಿತ್ತ ಓಡುತ್ತವೆ. 1882ರ ಇಂಪ್ರೆಷನಿಸ್ಟರ ಪ್ರದರ್ಶನದಲ್ಲಿ ಅವನ ಹಣ್ಣುಗಳನ್ನು ನೋಡಿದ ಬರಹಗಾರ ಹ್ಯೂಸ್‌ಮಾನ್ಸ್ ಬಿಳಿ ಕಾಗದದ ಮೇಲಿನ ಈ ಹಣ್ಣುಗಳನ್ನು ಬಾಯ್ತುಂಬ ಹೊಗಳಿದ. ಪೇರ್ ಹಣ್ಣಿನ ಸಿಪ್ಪೆಯ ಕೆಳಗೆ ರಸ ಜಿನುಗುವುದು ಕಾಣುತ್ತದೆ ಅನ್ನುವ ಅರ್ಥದಲ್ಲಿ ಬರೆದ.

ಸಾಮಾನಿನ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಹಿಂಡಿ ತೆಗೆಯುವ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ. ಅದರ ಜೊತೆಗೆ ಚಪ್ಪಟೆ ಬ್ರಶ್ಶು, ಅಂಗಡಿಯಲ್ಲೇ ತಯಾರಾಗಿ ಸಿಗುವ ತಿಳಿ ಬಣ್ಣದ ಕ್ಯಾನ್ವಾಸ್. ಇವಿಲ್ಲದೆ ಈ ದಪ್ಪ, ಚೌಕ ಗೆರೆಗಳೂ ಇಲ್ಲ.

ಹೆಜ್ಜೆ 4: ಅಂಚು ಎಲ್ಲಿ ಕಳೆದುಹೋಗಿದೆ?

ಹಣ್ಣಿನ ಸುತ್ತ ಕಣ್ಣಾಡಿಸಿ. ಒಂದು ಕಡೆ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೊಕ್ಕವಾಗಿರುತ್ತದೆ, ಇನ್ನೊಂದು ಕಡೆ ನೆರಳಿನಲ್ಲಿ ಕರಗಿಹೋಗಿರುತ್ತದೆ. ಕಣ್ಣು ಚೊಕ್ಕ ಅಂಚಿನ ಕಡೆಗೆ ತಾನಾಗಿ ಹೋಗುತ್ತದೆ. ಚಿತ್ರಕಾರ ಮೊದಲು ಏನನ್ನು ತೋರಿಸಬೇಕು ಅಂದುಕೊಂಡಿದ್ದ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅಂಚು ಕರಗಿದ ಹಣ್ಣುಗಳು ಮೇಳದವರ ಹಾಗೆ, ಹಿಂದೆ ನಿಂತು ದನಿಗೂಡಿಸುತ್ತವೆ.

ಹೆಜ್ಜೆ 5: ಈ ಬಣ್ಣ ಮೊದಲು ಹೀಗೇ ಇತ್ತಾ?

ಅರ್ಥ ಹೇಳುವ ಮೊದಲು ಈ ಅನುಮಾನ ಬೇಕೇ ಬೇಕು. ಎಣ್ಣೆ ಬಣ್ಣ ಕಲ್ಲಲ್ಲ. ರೆನ್ವಾರ್ 1883ರಲ್ಲಿ ಬಿಡಿಸಿದ ಮದಾಂ ಕ್ಲಾಪಿಸೊಂ ಅನ್ನುವ ಮಹಿಳೆಯ ಚಿತ್ರ ಷಿಕಾಗೊದಲ್ಲಿದೆ. ಅದರ ಹಿನ್ನೆಲೆ ತಣ್ಣಗೆ, ನೀಲಿ ಬೂದು ಬಣ್ಣವಾಗಿ ಕಾಣುತ್ತಿತ್ತು. ಚೌಕಟ್ಟು ಬಿಚ್ಚಿದಾಗ ಬೆಳಕು ಬೀಳದ ಅಂಚಿನಲ್ಲಿ ಗಾಢ ಕೆಂಪು ಸಿಕ್ಕಿತು. ಒಂದು ಬಗೆಯ ಕೀಟದಿಂದ ತೆಗೆದ ಕಾರ್ಮೈನ್ ಕೆಂಪು ಬೆಳಕಿಗೆ ಮಾಸಿಹೋಗಿತ್ತು ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿ ತೋರಿಸಿದರು. ಅಲ್ಲಿಯವರೆಗೆ ಆ ನೀಲಿ ಹಿನ್ನೆಲೆಯನ್ನು ನೋಡಿ "ಆಕೆಯ ಒಂಟಿತನ" ಅಂದವರಿದ್ದರೆ ಅವರ ಗತಿ ಏನು ಹೇಳಿ!

ಹಣ್ಣಿನ ಚಿತ್ರದಲ್ಲೂ ಮೊದಲು ಮಾಸುವುದು ಇಂಥ ಕೆಂಪು, ಗುಲಾಬಿಗಳೇ. ಇನ್ನೊಂದು ತೊಂದರೆ ವಾರ್ನಿಶ್, ಅಂದರೆ ಮುಗಿದ ಚಿತ್ರದ ಮೇಲೆ ಹಚ್ಚುವ ಪಾರದರ್ಶಕ ಲೇಪ. ಇದೇ ಗುಂಪಿನ ಪಿಸಾರೊ, ಮೊನೆ ಮೊದಲಾದವರು ವಾರ್ನಿಶ್ ಹಚ್ಚದೆ ಬಿಡುವುದನ್ನೇ ಇಷ್ಟಪಡುತ್ತಿದ್ದರು. ಆಮೇಲೆ ಬಂದ ಮಾಲೀಕರೋ ವ್ಯಾಪಾರಿಗಳೋ ಹಚ್ಚಿಸಿದ್ದುಂಟು. ಅದು ಕಾಲ ಕಳೆದ ಹಾಗೆ ಹಳದಿಯಾಗುತ್ತದೆ. ಒಂದೇ ಬಣ್ಣದ ಮೇಲೆ ದೊಡ್ಡ ಅರ್ಥ ಕಟ್ಟಬೇಡಿ.

ಹೆಜ್ಜೆ 6: ಈಗ ಸಂಕೇತ

ಇಷ್ಟು ಹೊತ್ತು ತಡೆದುಕೊಂಡದ್ದಕ್ಕೆ ಈಗ ಫಲ ಸಿಗುತ್ತದೆ. ನಾನು ಮೂರು ಪದರವಾಗಿ ನೋಡುತ್ತೇನೆ.

ಮೊದಲನೆಯದು ಹಿಂದಿನಿಂದ ಬಂದ ಅರ್ಥ. 17ನೇ ಶತಮಾನದ ಡಚ್ ಚಿತ್ರಗಳಲ್ಲಿ ಕೊಳೆಯುತ್ತಿರುವ ಹಣ್ಣು, ನೊಣ, ಗಡಿಯಾರ, ತಲೆಬುರುಡೆ ಬಂದರೆ "ಇದೆಲ್ಲ ನಾಲ್ಕು ದಿನದ್ದು" ಅಂತ ಲೆಕ್ಕ. ಕಾಯ್ಬೊಟ್‌ನಲ್ಲಿ ಹುಡುಕಿ ನೋಡಿ. ನೊಣ ಇಲ್ಲ, ಕೊಳೆತದ್ದಿಲ್ಲ, ಚಾಕು ಕೂಡ ಇಲ್ಲ. ಸೇಬು ಇದೆ, ಆದರೆ ಹತ್ತು ಹಣ್ಣಿನ ನಡುವೆ ಅದೂ ಒಂದು. ಬೈಬಲ್ ಕಥೆಯಲ್ಲಿ ಬೇಡವೆಂದ ಹಣ್ಣು ತಿಂದ ಈವ್ ಎಲ್ಲೂ ಕಾಣುವುದಿಲ್ಲ. ಹಳೆಯ ಸಂಕೇತಕ್ಕೆ ಚಿತ್ರದಲ್ಲಿ ಸಾಕ್ಷಿ ಸಿಗದಿದ್ದರೆ ಬಿಟ್ಟುಬಿಡಿ.

ಎರಡನೆಯದು ಹಣ್ಣಿನ ಸ್ವಂತ ಜಾತಕ. ಅದು ಎಲ್ಲಿ ಬೆಳೆಯಿತು, ಯಾವ ಕಾಲದ್ದು, ಯಾರು ತಿನ್ನುತ್ತಿದ್ದರು? ಪ್ಯಾರಿಸ್‌ನ ಚಳಿಯಲ್ಲಿ ಕಿತ್ತಳೆ ಬೆಳೆಯುವುದಿಲ್ಲ. ಅದು ದಕ್ಷಿಣದಿಂದ ಬರಬೇಕು. ಪ್ಯಾರಿಸ್‌ನಿಂದ ಮಾರ್ಸೇಗೆ ರೈಲು ದಾರಿ ಪೂರ್ತಿಯಾದದ್ದು 1850ರ ದಶಕದಲ್ಲಿ. ತಾಜಾ ಅಂಜೂರ ಬೇಸಗೆಯ ಕೊನೆಯದು, ಕಿತ್ತಳೆ ಹೆಚ್ಚಾಗಿ ಚಳಿಗಾಲದ್ದು. ಎರಡೂ ಒಟ್ಟಿಗೆ, ಒಂದೊಂದು ಬಗೆಗೂ ಬೇರೆ ಬೇರೆ ಕಾಗದದ ಹಾಸಿಗೆ. ಇದು ತಳ್ಳುಗಾಡಿಯ ಹಣ್ಣಲ್ಲ ಅಂತ ಅನ್ನಿಸುವುದಿಲ್ಲವಾ? ದೂರದಿಂದ ತರಿಸಿ, ಜೋಡಿಸಿ, ಒಳ್ಳೆಯ ಬೆಲೆಗೆ ಮಾರುವ ಅಂಗಡಿಯದು. ಕಾಯ್ಬೊಟ್ ಆಗ ವಾಸವಿದ್ದದ್ದು ಪ್ಯಾರಿಸ್‌ನ ಹೊಸ ದೊಡ್ಡ ರಸ್ತೆ ಬುಲ್ವಾರ್ ಒಸ್ಮಾನ್‌ನಲ್ಲಿ. ಹುಟ್ಟಿನಿಂದಲೇ ಶ್ರೀಮಂತ. ಗೆಳೆಯರ ಚಿತ್ರಗಳನ್ನು ತಾನೇ ಕೊಂಡು ಅವರನ್ನು ಸಾಕಿದವನು. ಇಂಥ ಅಂಗಡಿ ಮುಂದೆ ಅವನು ದಿನಾ ಹಾದುಹೋಗುತ್ತಿದ್ದಿರಬೇಕು.

ಈಗ ಹೆಜ್ಜೆ 1ರ ಚೀಟಿ ತೆಗೆಯಿರಿ. ನೀವು ಬೀದಿಯಲ್ಲಿ ನಿಂತಿದ್ದೀರಿ, ಇನ್ನೂ ಕೊಂಡಿಲ್ಲ. ಹೆಜ್ಜೆ 2ರ ಕಾಗದವನ್ನೂ ನೆನಪಿಸಿಕೊಳ್ಳಿ. ಬಣ್ಣವನ್ನು ಉರಿಸುತ್ತಿದ್ದದ್ದು ಆ ಕಾಗದ. ಅಂಗಡಿಯವನೂ ಕಾಗದ ಹಾಸಿದ್ದು ಅದಕ್ಕೇ ಅಲ್ವಾ? ಹಣ್ಣು ಚೆನ್ನಾಗಿ ಕಾಣಲಿ, ಕೊಳ್ಳುವ ಆಸೆ ಹುಟ್ಟಲಿ ಅಂತ. ಅಂಗಡಿಯವನ ಉಪಾಯ ಮತ್ತು ಚಿತ್ರಕಾರನ ಉಪಾಯ ಒಂದೇ ಕಾಗದದಲ್ಲಿ ಸೇರಿಕೊಂಡಿವೆ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಓದು ಇದು. ಯಾವ ಸಂಕೇತದ ಪಟ್ಟಿಯಲ್ಲೂ "ಸುಕ್ಕುಗಟ್ಟಿದ ಕಾಗದ" ಅಂತ ಇರುವುದಿಲ್ಲ, ನೋಡಿ.

ಇದಕ್ಕೆ ಪಕ್ಕದ ಸಾಕ್ಷಿಯೂ ಇದೆ. ಅದೇ ಹೊತ್ತಿಗೆ ಕಾಯ್ಬೊಟ್ ಕಸಾಯಿ ಅಂಗಡಿಯ ಮುಂದೆಯೂ ನಿಂತ. ತೂಗುಹಾಕಿದ ಕರುವಿನ ತಲೆ, ಎತ್ತಿನ ನಾಲಿಗೆ. ಆ ಚಿತ್ರ ಷಿಕಾಗೊದಲ್ಲಿದೆ. ಗುಲಾಬಿ, ತಿಳಿ ನೇರಳೆ ಬಣ್ಣದಲ್ಲಿ, ಹಣ್ಣಿನಷ್ಟೇ ಮುದ್ದಾಗಿ ಬಿಡಿಸಿದ್ದಾನೆ. ಎರಡನ್ನೂ ಅಕ್ಕಪಕ್ಕ ತೆರೆದು ನೋಡಿದರೆ ಹಣ್ಣಿನ ಚಿತ್ರದ ಮೇಲೂ ಒಂದು ಸಣ್ಣ ಚಳಿ ಹಾಯುತ್ತದೆ. ಸಾವಿನ ಮಾತು ಎತ್ತಬೇಕಾದರೆ ಈ ದಾರಿಯಲ್ಲಿ ಬನ್ನಿ, ನೊಣ ಹುಡುಕಬೇಡಿ.

ಮೂರನೆಯ ಪದರ ಚಿತ್ರಕಾರನ ಬದುಕು. ಇಲ್ಲೇ ಜಾಸ್ತಿ ಜನ ಜಾರಿ ಬೀಳುವುದು. ಮೊನೆಯನ್ನು ತೆಗೆದುಕೊಳ್ಳಿ. 1879ರ ಸೆಪ್ಟೆಂಬರ್‌ನಲ್ಲಿ ಅವನ ಹೆಂಡತಿ ಕಮೀಲ್ ವೆತಯ್ ಹಳ್ಳಿಯಲ್ಲಿ ತೀರಿಕೊಂಡಳು. ಆ ಚಳಿಗಾಲ ಸೆನ್ ನದಿಯೇ ಹೆಪ್ಪುಗಟ್ಟಿತು. ಆ ದಿನಗಳಲ್ಲಿ ಅವನು ಸೇಬು, ದ್ರಾಕ್ಷಿ ಬಿಡಿಸಿದ. ಅಂಥ ಒಂದು ಚಿತ್ರ ನ್ಯೂಯಾರ್ಕ್‌ನಲ್ಲಿದೆ, 1880ರ ಒಂದು ಷಿಕಾಗೊದಲ್ಲಿದೆ. ದುಃಖದ ಹಣ್ಣುಗಳು ಅಂತ ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಮನೆಯಲ್ಲಿ ದುಡ್ಡಿರಲಿಲ್ಲ, ಹೊರಗೆ ಕೂತು ಬಿಡಿಸಲಾಗದ ಚಳಿ, ಹಣ್ಣಿನ ಚಿತ್ರಗಳು ದೃಶ್ಯಚಿತ್ರಗಳಿಗಿಂತ ಸುಲಭವಾಗಿ ಮಾರಾಟವಾಗುತ್ತಿದ್ದವು. ಇವೂ ಕಾರಣಗಳೇ. ಷಿಕಾಗೊದ ಚಿತ್ರದ ಹಣ್ಣುಗಳಂತೂ ಬೆಳಕಿನಲ್ಲಿ ಮಿಂದು ಕೂತಿವೆ. ದುಃಖ ಅನ್ನುವವರು ಅದನ್ನು ಕ್ಯಾನ್ವಾಸಿನ ಮೇಲೆ ಬೆರಳಿಟ್ಟು ತೋರಿಸಲಿ.

ಸೆಜಾನ್ ವಿಷಯದಲ್ಲಿ ಬದುಕಿನಿಂದ ಅರ್ಥ ಹೇಳಲು ಜಾಗ ಸ್ವಲ್ಪ ಜಾಸ್ತಿ ಇದೆ. ಶಾಲೆಯಲ್ಲಿ ಬೇರೆ ಹುಡುಗರು ಮುಂದೆ ಕಾದಂಬರಿಕಾರನಾದ ಜೋಲಾನನ್ನು ಕಾಡುತ್ತಿದ್ದಾಗ ಸೆಜಾನ್ ಅವನ ಪರ ನಿಂತ, ಮರುದಿನ ಜೋಲಾ ಒಂದು ಬುಟ್ಟಿ ಸೇಬು ತಂದುಕೊಟ್ಟ ಅಂತ ಸೆಜಾನ್ ಮುದುಕನಾದ ಮೇಲೆ ಹೇಳಿಕೊಂಡದ್ದಾಗಿ ದಾಖಲೆ ಇದೆ. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೊ ಇನ್ನೂ ಮುಂದೆ ಹೋಗಿ, ಸೆಜಾನ್‌ನ ಸೇಬುಗಳಲ್ಲಿ ಅದುಮಿಟ್ಟ ಕಾಮ ಇದೆ ಅಂದ. ಒಪ್ಪದವರೂ ತುಂಬಾ ಜನ. ನನಗೆ ಬುಟ್ಟಿಯ ಕಥೆ ಇಷ್ಟ. ಆದರೆ ಷಿಕಾಗೊದ "ಸೇಬಿನ ಬುಟ್ಟಿ" ಚಿತ್ರದಲ್ಲಿ ಮೇಜಿನ ಮುಂದಿನ ಅಂಚಿನ ಎಡಭಾಗ ಬಲಭಾಗಕ್ಕೆ ನೇರವಾಗಿ ಕೂಡುವುದೇ ಇಲ್ಲವಲ್ಲ, ಅದನ್ನು ಈ ಎರಡು ಕಥೆಗಳೂ ವಿವರಿಸುವುದಿಲ್ಲ. ಅದಕ್ಕೆ ಮತ್ತೆ ಹೆಜ್ಜೆ 1ಕ್ಕೆ ಹೋಗಬೇಕು: ಅವನು ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾನೆ? ಎರಡು ಕಡೆ, ಒಟ್ಟಿಗೆ.

ಹೆಜ್ಜೆ 7: ಬರೆದು, ಬೆರಳಿಟ್ಟು ನೋಡಿ

ನಿಮ್ಮ ಓದನ್ನು ನಾಲ್ಕೈದು ವಾಕ್ಯದಲ್ಲಿ ಬರೆಯಿರಿ. ಪ್ರತಿ ವಾಕ್ಯಕ್ಕೂ ಚಿತ್ರದ ಒಂದು ಜಾಗ ತೋರಿಸಲು ಆಗಬೇಕು. "ಇದು ಕೊಳ್ಳುವವರ ಕಣ್ಣಿನಿಂದ ಕಂಡದ್ದು" ಅಂದರೆ ವಾಲಿದ ಸಾಲುಗಳಿವೆ. "ಇಲ್ಲಿ ಆಸೆ ಹುಟ್ಟಿಸುವ ಕೆಲಸ ಕಾಗದದ್ದು" ಅಂದರೆ ಕಿತ್ತಳೆ ಪಕ್ಕದ ನೀಲಿ ಮಡಿಕೆ ಇದೆ. ಬೆರಳಿಡಲು ಜಾಗ ಸಿಗದ ವಾಕ್ಯವನ್ನು ಹೊಡೆದುಹಾಕಿ, ಎಷ್ಟೇ ಚಂದ ಇದ್ದರೂ ಸರಿ.

ಅಭ್ಯಾಸಕ್ಕೆ ಒಂದು ಚಿಕ್ಕ ಚಿತ್ರ ಕೊಡುತ್ತೇನೆ. ಮಾನೆ (ಮೊನೆ ಬೇರೆ, ಮಾನೆ ಬೇರೆ) 1880ರಲ್ಲಿ ಬಿಡಿಸಿದ ನಿಂಬೆಹಣ್ಣು. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. 14 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲ, ಮಡಿಸಿದ ಪತ್ರದಷ್ಟು. ಮಾನೆ ಇಂಪ್ರೆಷನಿಸ್ಟರ ಗೆಳೆಯ, ಅವರ ಪ್ರದರ್ಶನಗಳಿಗೆ ಮಾತ್ರ ಒಮ್ಮೆಯೂ ಸೇರಲಿಲ್ಲ. ಕಪ್ಪನ್ನೂ ಬಿಡಲಿಲ್ಲ. ಒಂದು ಗಾಢ ತಟ್ಟೆ, ಅದರ ಮೇಲೆ ಒಂದೇ ಒಂದು ನಿಂಬೆ. ಸಿಪ್ಪೆ ಸುಲಿದಿಲ್ಲ, ಕತ್ತರಿಸಿಲ್ಲ. ಡಚ್ಚರು ಆಗಿದ್ದರೆ ಸಿಪ್ಪೆಯನ್ನು ಸುರುಳಿಯಾಗಿ ಮೇಜಿನಿಂದ ಕೆಳಗೆ ಇಳಿಬಿಡುತ್ತಿದ್ದರು.

ಇಲ್ಲಿ ಕಾಗದ ಇಲ್ಲ, ನೀಲಿ ಇಲ್ಲ. ಹಳದಿಯನ್ನು ಉರಿಸುತ್ತಿರುವುದು ಯಾವುದು? ನೆರಳಿನಿಂದ ಶುರು ಮಾಡಿ.